ತೊಡಕು ಇರುವುದು ತುದಿಯಲ್ಲಿ: ಬಿಸಿಯನ್ನು ದಾಟಿಸುವ ಇಂಗಾಲದ ನ್ಯಾನೊಕೊಳವೆಗಳ ಕಥೆ

ತಳ ಸೊಟ್ಟಗಾದ ಅಲ್ಯೂಮಿನಿಯಮ್ ಪಾತ್ರೆಯೊಂದನ್ನು ವಿದ್ಯುತ್ ಹಾಟ್‌ಪ್ಲೇಟಿನ ಮೇಲಿಟ್ಟು ನೀರು ಕಾಯಿಸಿ ನೋಡಿ. ಅಷ್ಟೇ ಗಾತ್ರದ, ತಳ ಸಮವಾಗಿರುವ ಪಾತ್ರೆಯಲ್ಲಿ ನೀರು ಬೇಗ ಕುದಿಯುತ್ತದೆ. ಸೊಟ್ಟ ಪಾತ್ರೆಯಲ್ಲಿ ತಡವಾಗುತ್ತದೆ. ಎರಡು ಪಾತ್ರೆಗಳ ಲೋಹ ಒಂದೇ, ನೀರು ಒಂದೇ, ವಿದ್ಯುತ್ತೂ ಒಂದೇ. ವ್ಯತ್ಯಾಸವಿರುವುದು ಪ್ಲೇಟಿಗೂ ಪಾತ್ರೆಗೂ ನಡುವೆ ಸಿಕ್ಕಿಬಿದ್ದಿರುವ ತೆಳುವಾದ ಗಾಳಿಯ ಪದರದಲ್ಲಿ. ಬಿಸಿ ತನ್ನ ದಾರಿಯಲ್ಲಿ ಎಡವುವುದು ಸಾಮಾನ್ಯವಾಗಿ ಲೋಹದೊಳಗಲ್ಲ, ಎರಡು ವಸ್ತುಗಳು ಸೇರುವ ಜಾಗದಲ್ಲಿ.

ಅಡುಗೆಮನೆಯಲ್ಲಿ ಇದರಿಂದ ಆಗುವ ನಷ್ಟ ಅಲ್ಪ. ಆದರೆ ಕಂಪ್ಯೂಟರಿನ ಚಿಪ್, ವಿದ್ಯುತ್ ವಾಹನದ ನಿಯಂತ್ರಕ, ಉಪಗ್ರಹದೊಳಗಿನ ಪ್ರೇಷಕ ಇವುಗಳಲ್ಲಿ ಇದೇ ತೊಡಕು ಉಪಕರಣದ ಆಯುಸ್ಸನ್ನೇ ನಿರ್ಧರಿಸುತ್ತದೆ. ಇದನ್ನು ನಿವಾರಿಸಲು ಎರಡು ತಳಗಳ ನಡುವೆ ತುಂಬುವ ಪದಾರ್ಥಕ್ಕೆ ಎಂಜಿನಿಯರುಗಳು ‘ಥರ್ಮಲ್ ಇಂಟರ್‌ಫೇಸ್ ಮೆಟೀರಿಯಲ್’ ಎನ್ನುತ್ತಾರೆ. ನಾವಿಲ್ಲಿ ಅದನ್ನು ‘ಉಷ್ಣಸಂಧಿ ವಸ್ತು’ ಎಂದು ಕರೆಯೋಣ. ಇಂಗಾಲದ ನ್ಯಾನೊಕೊಳವೆಗಳಿಂದ ಇಂಥ ವಸ್ತುವನ್ನು ತಯಾರಿಸುವ ಪ್ರಯತ್ನಕ್ಕೆ ಈಗ ಎರಡು ದಶಕಗಳಿಗೂ ಮೀರಿದ ಇತಿಹಾಸವಿದೆ. ಅದರ ಹಿನ್ನೆಲೆಯ ಹಲವು ಘಟ್ಟಗಳನ್ನು ನೋಡಲು ದೂರ ಹೋಗಬೇಕಾಗಿಲ್ಲ. ಜಾಲಹಳ್ಳಿ, ಪೀಣ್ಯ, ಯಶವಂತಪುರ, ಹೆಬ್ಬಾಳ, ಜಕ್ಕೂರು ಎಂದು ಬೆಂಗಳೂರಿನ ಉತ್ತರ ಭಾಗವನ್ನು ಒಂದು ಸುತ್ತು ಹಾಕಿದರೆ ಸಾಕು.

ಒಂದು ಸಣ್ಣ ಲೆಕ್ಕ

ನಯವಾಗಿ ಉಜ್ಜಿದ ಎರಡು ಲೋಹದ ತಳಗಳನ್ನು ಒಂದರ ಮೇಲೊಂದು ಒತ್ತಿಡಿ. ಕಣ್ಣಿಗೆ ಅವು ಪೂರ್ತಿಯಾಗಿ ತಾಗಿದಂತೆ ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ತಳಗಳು ಬೆಟ್ಟಗುಡ್ಡಗಳ ಸಾಲು. ಶಿಖರಕ್ಕೆ ಶಿಖರ ತಾಗಿರುವುದು ಕೆಲವೇ ಕಡೆ. ನಿಜವಾದ ಸಂಪರ್ಕ ಒಟ್ಟು ವಿಸ್ತೀರ್ಣದ ಶೇಕಡಾ ಕೆಲವೇ ಭಾಗ. ಉಳಿದದ್ದೆಲ್ಲ ಕಣಿವೆ, ಅಲ್ಲಿ ತುಂಬಿರುವುದು ಗಾಳಿ.

ಗಾಳಿಯ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 0.026 ವ್ಯಾಟ್. ತಾಮ್ರದ್ದು ಸುಮಾರು 400. ಅಂದರೆ ತಾಮ್ರವು ಗಾಳಿಗಿಂತ ಸುಮಾರು ಹದಿನೈದು ಸಾವಿರ ಪಟ್ಟು ಉತ್ತಮ ವಾಹಕ. ಈಗ ಒಂದು ಚದರ ಸೆಂಟಿಮೀಟರ್ ಅಳತೆಯ ಚಿಪ್ಪಿನಿಂದ 100 ವ್ಯಾಟ್ ಉಷ್ಣ ಹೊರಗೆ ಹೋಗಬೇಕಾಗಿದೆ ಎನ್ನಿ. ಚಿಪ್ಪಿಗೂ ಅದನ್ನು ತಂಪಾಗಿಸುವ ತಾಮ್ರದ ತುಂಡಿಗೂ ನಡುವೆ 25 ಮೈಕ್ರೊಮೀಟರ್ ದಪ್ಪದ ಗಾಳಿಯ ಪದರವೊಂದೇ ಇದ್ದರೆ, ಅಷ್ಟು ಉಷ್ಣವನ್ನು ದಾಟಿಸಲು ಬೇಕಾಗುವ ತಾಪದ ವ್ಯತ್ಯಾಸ ಸುಮಾರು 960 ಡಿಗ್ರಿ ಸೆಲ್ಸಿಯಸ್! ಅದಕ್ಕೆ ಬಹಳ ಮೊದಲೇ ಚಿಪ್ ಹಾಳಾಗಿರುತ್ತದೆ. ಅದೇ ಜಾಗದಲ್ಲಿ ವಾಹಕತೆ 1 ಇರುವ ಗ್ರೀಸನ್ನು ತುಂಬಿದರೆ ವ್ಯತ್ಯಾಸ 25 ಡಿಗ್ರಿಗೆ ಇಳಿಯುತ್ತದೆ. ಗ್ರೀಸ್ ಒಳ್ಳೆಯ ವಾಹಕವೇನಲ್ಲ. ಗಾಳಿಯನ್ನು ಹೊರದೂಡುವುದೇ ಅದರ ದೊಡ್ಡ ಉಪಕಾರ.

ಅರೆವಾಹಕ ಉಪಕರಣಗಳ ತಾಪ ಪ್ರತಿ 10 ಡಿಗ್ರಿ ಏರಿದಾಗ ಅವುಗಳ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬ ಸ್ಥೂಲ ನಿಯಮವೊಂದು ಎಂಜಿನಿಯರುಗಳಲ್ಲಿ ರೂಢಿಯಲ್ಲಿದೆ. ಅದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಜಾಲಹಳ್ಳಿಯ ಟ್ರಾನ್ಸಿಸ್ಟರ್

ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಸ್ಥಾಪನೆಯಾದದ್ದು 1954ರಲ್ಲಿ. 1961ರಲ್ಲಿ ಅಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಆರಂಭವಾಯಿತು. ಮರುವರ್ಷ, 1962ರಲ್ಲಿ, ಜರ್ಮೇನಿಯಮ್ ಅರೆವಾಹಕಗಳ ತಯಾರಿಕೆ. 1967ರ ವೇಳೆಗೆ ಸಿಲಿಕಾನ್ ಸಾಧನಗಳೂ ಬಂದವು. ಒಂದೇ ಕಾರ್ಖಾನೆಯಲ್ಲಿ, ಕೆಲವೇ ವರ್ಷಗಳಲ್ಲಿ, ಎಲೆಕ್ಟ್ರಾನಿಕ್ಸ್‌ನ ಎರಡು ಯುಗಗಳು ಹೀಗೆ ಅಕ್ಕಪಕ್ಕ ಬಂದು ನಿಂತವು.

ಉಷ್ಣದ ದೃಷ್ಟಿಯಿಂದ ಇದು ದೊಡ್ಡ ಪಲ್ಲಟ. ವಾಲ್ವ್ ಬಿಸಿಯಾಗಿದ್ದರೇ ಕೆಲಸ ಮಾಡುವುದು. ಅದರ ಕ್ಯಾಥೋಡ್ ಕಾದು ಕೆಂಪಾಗಬೇಕು; ಉಷ್ಣವು ವಿಕಿರಣವಾಗಿ ಗಾಜಿನ ಬುರುಡೆಯಿಂದ ಹೊರಗೆ ಹೋಗುತ್ತದೆ. ಟ್ರಾನ್ಸಿಸ್ಟರಿಗೆ ಬಿಸಿಯೇ ಶತ್ರು. ಜರ್ಮೇನಿಯಮ್ ಸಾಧನಗಳು ನೂರು ಡಿಗ್ರಿಯ ಆಸುಪಾಸಿನಲ್ಲೇ ಹದ ತಪ್ಪುತ್ತವೆ. ಸಿಲಿಕಾನ್ ಸುಮಾರು 150 ಡಿಗ್ರಿಯವರೆಗೆ ತಾಳಿಕೊಳ್ಳುತ್ತದೆ. ಆ ತಾಪದಲ್ಲಿ ವಿಕಿರಣದಿಂದ ಹೋಗುವ ಉಷ್ಣ ತೀರ ಕಡಿಮೆ. ಆದ್ದರಿಂದ ಉಷ್ಣವು ಲೋಹದ ಮೂಲಕ, ಸಂಪರ್ಕದ ಮೂಲಕವೇ ಹೊರಗೆ ಹೋಗಬೇಕು.

ಹಳೆಯ ಆಂಪ್ಲಿಫೈಯರನ್ನು ಬಿಚ್ಚಿ ನೋಡಿದ್ದರೆ ನಿಮಗೆ ಇದು ಗೊತ್ತಿರುತ್ತದೆ. ಪವರ್ ಟ್ರಾನ್ಸಿಸ್ಟರನ್ನು ಅಲ್ಯೂಮಿನಿಯಮ್ ರೆಕ್ಕೆಗಳ ತುಂಡಿಗೆ ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ನಡುವೆ ಒಂದು ಅಭ್ರಕದ ಬಿಲ್ಲೆ, ಅದರ ಎರಡೂ ಕಡೆ ಬಿಳಿಯ ಲೇಪ. ಅಭ್ರಕ ವಿದ್ಯುತ್ತನ್ನು ತಡೆಯುತ್ತದೆ, ಆದರೆ ತೆಳುವಾಗಿರುವುದರಿಂದ ಉಷ್ಣವನ್ನು ಬಿಡುತ್ತದೆ. ಬಿಳಿಯ ಲೇಪ ಸಿಲಿಕೋನ್ ಎಣ್ಣೆಯಲ್ಲಿ ಸತುವಿನ ಆಕ್ಸೈಡ್ ಪುಡಿಯನ್ನು ಕಲಸಿದ್ದು. ನಮ್ಮ ರಿಪೇರಿ ಅಂಗಡಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಉಷ್ಣಸಂಧಿ ವಸ್ತು ಇದೇ.

ಈ ಲೇಪದ ಒಂದು ಗುಣವನ್ನು ಗಮನಿಸಿ. ಇದು ಅಂಟುವುದಿಲ್ಲ, ಬರಿದೇ ಮೆತ್ತಿಕೊಳ್ಳುತ್ತದೆ. ಹಿಡಿದಿಡುವ ಕೆಲಸ ಸ್ಕ್ರೂಗೆ ಸೇರಿದ್ದು, ಬಿಸಿ ದಾಟಿಸುವ ಕೆಲಸ ಲೇಪಕ್ಕೆ ಸೇರಿದ್ದು. ಟ್ರಾನ್ಸಿಸ್ಟರ್ ಸುಟ್ಟರೆ ಸ್ಕ್ರೂ ಬಿಚ್ಚಿ ಬೇರೆಯದನ್ನು ಹಾಕಬಹುದು. ಎರಡು ಕೆಲಸಗಳನ್ನು ಬೇರೆಬೇರೆಯಾಗಿ ಇಟ್ಟದ್ದೇ ಇಲ್ಲಿನ ಜಾಣತನ.

ಪೀಣ್ಯದ ಉಪಗ್ರಹ

ಜಾಲಹಳ್ಳಿಯ ಪಕ್ಕದಲ್ಲೇ ಇರುವ ಪೀಣ್ಯ ಕೈಗಾರಿಕಾ ಪ್ರದೇಶದ ಷೆಡ್ಡುಗಳಲ್ಲಿ 1972ರಿಂದ ಪ್ರೊ. ಯು.ಆರ್. ರಾವ್ ಅವರ ನೇತೃತ್ವದಲ್ಲಿ ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ಸಿದ್ಧವಾಯಿತು. ಸುಮಾರು 360 ಕಿಲೋಗ್ರಾಂ ತೂಕದ, 26 ಮುಖಗಳ ಈ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್‌ನಿಂದ ಕಕ್ಷೆಗೆ ಹಾರಿಸಲಾಯಿತು.

ಉಪಗ್ರಹದಲ್ಲಿ ಉಷ್ಣದ ಸಮಸ್ಯೆ ಭೂಮಿಯ ಮೇಲಿನದಕ್ಕಿಂತ ಕಠಿಣ. ಅಲ್ಲಿ ಗಾಳಿಯಿಲ್ಲ, ಫ್ಯಾನ್ ಹಾಕಿ ಪ್ರಯೋಜನವಿಲ್ಲ. ಎರಡು ಲೋಹದ ತಳಗಳ ನಡುವಿನ ಕಣಿವೆಗಳಲ್ಲಿ ಗಾಳಿ ಕೂಡ ಇರುವುದಿಲ್ಲ, ಬರೀ ನಿರ್ವಾತ. ಭೂಮಿಯ ಮೇಲೆ ಪರೀಕ್ಷಿಸಿದಾಗ ತೃಪ್ತಿಕರವಾಗಿದ್ದ ಜೋಡಣೆ ಕಕ್ಷೆಯಲ್ಲಿ ಹೆಚ್ಚು ಬಿಸಿಯಾಗಬಹುದು. ಉಪಗ್ರಹಗಳನ್ನು ದೊಡ್ಡ ನಿರ್ವಾತ ಕೋಣೆಯಲ್ಲಿಟ್ಟು ಬಿಸಿಗೂ ಶೀತಕ್ಕೂ ಒಡ್ಡಿ ಪರೀಕ್ಷಿಸುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಅಲ್ಲಿಗೂ ಗ್ರೀಸ್ ಸವರಬಹುದಲ್ಲ? ಸಾಮಾನ್ಯ ಗ್ರೀಸಿನ ಹಗುರ ಅಣುಗಳು ನಿರ್ವಾತದಲ್ಲಿ ಆವಿಯಾಗಿ ಹೊರಟು, ತಣ್ಣಗಿರುವ ಕಡೆ, ಅಂದರೆ ಕ್ಯಾಮೆರಾದ ಮಸೂರದ ಮೇಲೋ ಸಂವೇದಕದ ಮೇಲೋ, ಹೋಗಿ ಕೂರಬಹುದು. ಗಟ್ಟಿಯಾದ ಅಂಟನ್ನು ಬಳಸಿದರೆ ಪೆಟ್ಟಿಗೆಯನ್ನು ಬಿಚ್ಚಿ ಸರಿಪಡಿಸಲಾಗದು. ಉಷ್ಣಸಂಧಿಯಲ್ಲಿ ಏನು ಬೇಕು ಎಂಬ ಪಟ್ಟಿ ಹೀಗೆ ಬೆಳೆಯುತ್ತದೆ: ಒಣದಾಗಿರಬೇಕು, ಮೆತ್ತಗಿರಬೇಕು, ಹಿಡಿದುಕೊಳ್ಳಬೇಕು, ಬೇಕೆಂದಾಗ ಬಿಡಬೇಕು, ಲೋಹದಂತೆ ಬಿಸಿಯನ್ನು ಸಾಗಿಸಬೇಕು. ಗ್ರೀಸ್, ರಬ್ಬರ್ ಹಾಳೆ, ಬೆಸುಗೆ ಇವುಗಳಲ್ಲಿ ಯಾವುದಕ್ಕೂ ಈ ಎಲ್ಲ ಗುಣಗಳಿಲ್ಲ.

ಕಪಿಟ್ಸಾ ಕಂಡ ನೆಗೆತ

ಕಣಿವೆಗಳನ್ನೆಲ್ಲ ಮುಚ್ಚಿ, ಪರಮಾಣುವಿಗೆ ಪರಮಾಣು ತಾಗುವಂತೆ ಎರಡು ವಸ್ತುಗಳನ್ನು ಸೇರಿಸಿದರೆ ತಡೆ ಸೊನ್ನೆಯಾಗುತ್ತದೆಯೆ? ಇಲ್ಲ. ದ್ರವ ಹೀಲಿಯಮಿನಲ್ಲಿ ಮುಳುಗಿಸಿದ ತಾಮ್ರದಿಂದ ಉಷ್ಣ ಹೊರಗೆ ಹರಿಯುವಾಗ, ಎರಡರ ಗಡಿಯಲ್ಲಿ ತಾಪವು ಥಟ್ಟನೆ ಒಂದು ಮೆಟ್ಟಿಲು ಇಳಿಯುತ್ತದೆ ಎಂದು ರಷ್ಯದ ಭೌತವಿಜ್ಞಾನಿ ಪ್ಯೋತರ್ ಕಪಿಟ್ಸಾ 1941ರಲ್ಲಿ ವರದಿ ಮಾಡಿದರು. ದ್ರವವು ಲೋಹವನ್ನು ಪೂರ್ತಿಯಾಗಿ ತೋಯಿಸಿರುವುದರಿಂದ ಗಾಳಿಯ ಕಣಿವೆಯ ಮಾತೇ ಇಲ್ಲ. ಆದರೂ ತಡೆ ಇದೆ.

ಇದನ್ನು ಹೀಗೆ ಊಹಿಸಿಕೊಳ್ಳಿ. ತೆಳುವಾದ ದಾರವೊಂದನ್ನು ಬಾವಿಯ ದಪ್ಪ ಹಗ್ಗಕ್ಕೆ ಗಂಟು ಹಾಕಿ, ದಾರದ ತುದಿಯನ್ನು ಅಲುಗಿಸಿ. ಅಲೆ ಓಡಿ ಬಂದು ಗಂಟಿಗೆ ತಾಗುತ್ತದೆ. ಸ್ವಲ್ಪ ಭಾಗ ಹಗ್ಗಕ್ಕೆ ದಾಟುತ್ತದೆ, ಹೆಚ್ಚಿನ ಭಾಗ ಹಿಂದಕ್ಕೆ ಮರಳುತ್ತದೆ. ಘನವಸ್ತುವಿನಲ್ಲಿ ಉಷ್ಣವೆಂದರೆ ಪರಮಾಣುಗಳ ಕಂಪನ. ಎರಡು ವಸ್ತುಗಳ ಪರಮಾಣುಗಳ ತೂಕ, ಅವುಗಳ ನಡುವಿನ ಬಂಧದ ಬಿಗಿತ ಬೇರೆಬೇರೆಯಾಗಿದ್ದರೆ ಕಂಪನದ ಅಲೆ ಗಡಿಯಲ್ಲಿ ಹಿಂದಕ್ಕೆ ಪುಟಿಯುತ್ತದೆ. ಗಂಟು ಸಡಿಲವಾದಷ್ಟೂ ದಾಟುವುದು ಕಡಿಮೆ. ಮುಂದೆ ನ್ಯಾನೊಕೊಳವೆಗಳ ವಿಷಯಕ್ಕೆ ಬಂದಾಗ ಈ ಗಂಟೇ ಮುಖ್ಯವಾಗುತ್ತದೆ.

ವಜ್ರದಿಂದ ಕೊಳವೆಗೆ

ಇಂಗಾಲವು ಉಷ್ಣವಾಹಕವಾಗಿ ಲೋಹಗಳನ್ನು ಮೀರಿಸಬಲ್ಲದು. ಮೇಖ್ರಿ ವೃತ್ತದ ಬಳಿ ಇರುವ, 1948ರಲ್ಲಿ ಸ್ಥಾಪನೆಯಾದ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರು ಒಲವಿನಿಂದ ಕೂಡಿಸಿದ ವಜ್ರಗಳಿವೆ. ಒಳ್ಳೆಯ ವಜ್ರದ ವಾಹಕತೆ ಕೊಠಡಿ ತಾಪದಲ್ಲಿ ಮೀಟರ್-ಕೆಲ್ವಿನ್‌ಗೆ ಸುಮಾರು 2000 ವ್ಯಾಟ್, ಅಂದರೆ ತಾಮ್ರದ ಐದು ಪಟ್ಟು. ಹಗುರವಾದ ಪರಮಾಣು, ಅತಿ ಬಿಗಿಯಾದ ಬಂಧ, ಇವೆರಡೇ ಇದರ ಗುಟ್ಟು. ಗ್ರಾಫೈಟಿನ ಹಾಳೆಗಳ ಉದ್ದಕ್ಕೂ ವಾಹಕತೆ ಇಷ್ಟೇ ಹೆಚ್ಚಿರಬಲ್ಲದು. ಹಾಳೆಯಿಂದ ಹಾಳೆಗೆ ಅಡ್ಡವಾಗಿ ಮಾತ್ರ ಹತ್ತಕ್ಕಿಂತ ಕಡಿಮೆ. ಹಾಳೆಯೊಳಗೆ ಬಿಗಿಯಾದ ಸಹವೇಲೆನ್ಸಿ ಬಂಧ, ಹಾಳೆಗಳ ನಡುವೆ ಸಡಿಲವಾದ ವಾನ್ ಡರ್ ವಾಲ್ಸ್ ಆಕರ್ಷಣೆ. ಒಂದೇ ವಸ್ತುವಿನಲ್ಲಿ ಗಟ್ಟಿ ಗಂಟೂ ಸಡಿಲ ಗಂಟೂ ಇವೆ.

ಗ್ರಾಫೈಟಿನ ಹಾಳೆಯನ್ನು ಸುರುಳಿ ಸುತ್ತಿ ಕೊಳವೆ ಮಾಡಿದರೆ ಅದೇ ನ್ಯಾನೊಕೊಳವೆ. ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಇವುಗಳ ರಚನೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಮೇಲೆ ಜಗತ್ತಿನ ಗಮನ ಇತ್ತ ಹರಿಯಿತು. ಒಂಟಿ ಕೊಳವೆಯ ವಾಹಕತೆ 6600ರಷ್ಟು ಇರಬಹುದೆಂದು 2000ದಲ್ಲಿ ಒಂದು ಸೈದ್ಧಾಂತಿಕ ಲೆಕ್ಕ ಹೇಳಿತು. 2001ರಲ್ಲಿ ಒಂದೇ ಒಂದು ಬಹುಪದರದ ಕೊಳವೆಯನ್ನು ಎರಡು ಪುಟ್ಟ ದ್ವೀಪಗಳ ನಡುವೆ ಸೇತುವೆಯಂತೆ ಇಟ್ಟು ಅಳೆದಾಗ 3000ಕ್ಕಿಂತ ಹೆಚ್ಚು ಬಂತು. ಉಷ್ಣಸಂಧಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ ಎಂದು ಆಗ ಹಲವರಿಗೆ ಅನ್ನಿಸಿದ್ದು ಸಹಜ.

ಕುಲುಮೆಯಲ್ಲಿ ಬೆಳೆದ ಕಾಡು

ಒಂಟಿ ಕೊಳವೆಯಿಂದ ಚಿಪ್ ತಂಪಾಗುವುದಿಲ್ಲ. ಕೋಟಿಗಟ್ಟಲೆ ಕೊಳವೆಗಳು ಬೇಕು. ಅದೂ ಹುಲ್ಲಿನ ಮೆದೆಯಂತೆ ಅಡ್ಡಾದಿಡ್ಡಿಯಾಗಿ ಬಿದ್ದಿರಬಾರದು, ನಾಟಿ ಮಾಡಿದ ಪೈರಿನಂತೆ ಒಂದೇ ದಿಕ್ಕಿಗೆ ನಿಂತಿರಬೇಕು. ಇಲ್ಲಿ ಬೆಂಗಳೂರಿನ ಕೊಡುಗೆ ಸ್ಮರಣೀಯ.

ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಹೆಬ್ಬಾಳ ದಾಟಿ ಯಲಹಂಕದ ಕಡೆಗೆ ಹೋಗುವಾಗ ಸಿಗುವ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರ, ಈ ಎರಡು ಕಡೆಗಳಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಅವರ ತಂಡ 1990ರ ದಶಕದಲ್ಲಿ ನ್ಯಾನೊಕೊಳವೆಗಳ ಮೇಲೆ ಕೆಲಸ ಮಾಡುತ್ತಿತ್ತು. ರಾಹುಲ್ ಸೇನ್, ಎ. ಗೋವಿಂದರಾಜ್, ಬಿ.ಸಿ. ಸತೀಶ್‌ಕುಮಾರ್ ಅವರು ಈ ತಂಡದಲ್ಲಿದ್ದರು. 1997–98ರಲ್ಲಿ ಅವರು ಪ್ರಕಟಿಸಿದ ವಿಧಾನದಲ್ಲಿ ಫೆರೋಸೀನ್ ಎಂಬ ಸಂಯುಕ್ತವೇ ಮುಖ್ಯ ಪಾತ್ರಧಾರಿ. ಎರಡು ಇಂಗಾಲದ ಉಂಗುರಗಳ ನಡುವೆ ಒಂದು ಕಬ್ಬಿಣದ ಪರಮಾಣು ಕುಳಿತಿರುವ ಅಣು ಅದು. ಅದರ ಆವಿಯನ್ನು ಅನಿಲದ ಹರಿವಿನೊಡನೆ ಕಾದ ಕುಲುಮೆಗೆ ಕಳಿಸಿದರೆ ಅಣು ಒಡೆಯುತ್ತದೆ. ಕಬ್ಬಿಣ ನ್ಯಾನೊಕಣಗಳಾಗಿ ಕೂಡಿಕೊಂಡು ಕ್ರಿಯಾವರ್ಧಕವಾಗುತ್ತದೆ. ಇಂಗಾಲ ಆ ಕಣಗಳ ಆಶ್ರಯದಲ್ಲಿ ಕೊಳವೆಯಾಗಿ ಬೆಳೆಯುತ್ತದೆ. ಬೀಜವೂ ಗೊಬ್ಬರವೂ ಒಂದೇ ಅಣುವಿನಲ್ಲಿ! ಅಸೆಟಿಲೀನಿನಂಥ ಅನಿಲವನ್ನು ಜೊತೆಗೆ ಕಳಿಸಿದರೆ ಬೆಳೆ ಇನ್ನೂ ಹುಲುಸು. ಹೀಗೆ ದೊರೆತದ್ದು ಒಂದೇ ದಿಕ್ಕಿಗೆ ಒತ್ತಾಗಿ ನಿಂತ ಕೊಳವೆಗಳ ದೊಡ್ಡ ಕಟ್ಟುಗಳು.

ಚೀನ ಮತ್ತು ಅಮೆರಿಕದ ತಂಡಗಳೂ ಅದೇ ವರ್ಷಗಳಲ್ಲಿ ಬೇರೆ ವಿಧಾನಗಳಿಂದ ಸಾಲುಗೊಂಡ ಕೊಳವೆಗಳನ್ನು ಬೆಳೆಸಿದವು. ಫೆರೋಸೀನಿನ ದಾರಿಯ ಹಿರಿಮೆ ಅದರ ಸರಳತೆಯಲ್ಲಿದೆ. ತಳದ ಮೇಲೆ ಮೊದಲೇ ಕ್ರಿಯಾವರ್ಧಕವನ್ನು ಲೇಪಿಸುವ ದುಬಾರಿ ಕೆಲಸ ಬೇಕಿಲ್ಲ. ಇಂದೂ ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ಕೊಳವೆಗಳ ‘ಕಾಡು’ ಬೆಳೆಸುವವರು ಫೆರೋಸೀನನ್ನು ಬಳಸುತ್ತಾರೆ.

ನಿರೀಕ್ಷೆ ಹುಸಿಯಾದದ್ದೆಲ್ಲಿ?

ಕೊಳವೆಗಳನ್ನು ಅಂಟಿನಲ್ಲಿ ಕಲಸಿಬಿಡುವುದು ಮೊದಲ ಪ್ರಯತ್ನ. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಪಾಕ್ಸಿ ಅಂಟಿಗೆ ತೂಕದಲ್ಲಿ ಶೇ. 1ರಷ್ಟು ಕೊಳವೆಗಳನ್ನು ಬೆರೆಸಿದಾಗ ಕೊಠಡಿ ತಾಪದಲ್ಲಿ ವಾಹಕತೆ ಶೇ. 125ರಷ್ಟು ಏರಿತು. ಒಳ್ಳೆಯ ಸುದ್ದಿಯೇ. ಆದರೆ ಕೊಳವೆಯ ವಾಹಕತೆ 3000 ಎಂದಿಟ್ಟುಕೊಂಡು ಸ್ಥೂಲವಾಗಿ ಲೆಕ್ಕ ಹಾಕಿದರೆ ಏರಿಕೆ ಮೂವತ್ತು ಪಟ್ಟನ್ನು ಮೀರಬೇಕಿತ್ತು. ಉಳಿದದ್ದು ಎಲ್ಲಿ ಹೋಯಿತು?

ಉತ್ತರ 2003ರಲ್ಲಿ ಬಂತು. ಹಕ್ಸ್‌ಟೇಬಲ್ ಮತ್ತು ಸಂಗಡಿಗರು ಸಾಬೂನಿನಂಥ ಅಣುಗಳಿಂದ ಸುತ್ತುವರಿದ ಕೊಳವೆಗಳನ್ನು ನೀರಿನಲ್ಲಿ ತೇಲಿಸಿ, ಲೇಸರ್ ಮಿಡಿತದಿಂದ ಬಿಸಿಮಾಡಿ, ಅವು ಎಷ್ಟು ಬೇಗ ತಣಿಯುತ್ತವೆಂದು ಅಳೆದರು. ಕೊಳವೆಯ ಗೋಡೆಯಿಂದ ಸುತ್ತಲಿನ ವಸ್ತುವಿಗೆ ಉಷ್ಣ ದಾಟುವ ದರ ಚದರ ಮೀಟರ್-ಕೆಲ್ವಿನ್‌ಗೆ 12 ಮೆಗಾವ್ಯಾಟ್ ಎಂದು ತಿಳಿಯಿತು. ಸಂಖ್ಯೆ ದೊಡ್ಡದೆನಿಸಬಹುದು. ಆದರೆ ಇಷ್ಟು ತಡೆ ಸುಮಾರು 17 ನ್ಯಾನೊಮೀಟರ್ ದಪ್ಪದ ಪ್ಲಾಸ್ಟಿಕ್ ಪದರಕ್ಕೆ ಸಮ. ಒಂದು ನ್ಯಾನೊಮೀಟರ್ ಅಗಲದ ಕೊಳವೆ ತನಗಿಂತ ಹತ್ತಾರು ಪಟ್ಟು ದಪ್ಪದ ಕಂಬಳಿ ಹೊದ್ದು ಮಲಗಿದಂತೆ! ಕೊಳವೆಗೂ ಅಂಟಿಗೂ ನಡುವಿನ ಗಂಟು ಸಡಿಲ. ಕಪಿಟ್ಸಾ ಕಂಡ ಮೆಟ್ಟಿಲೇ ಇಲ್ಲಿಯೂ ಇದೆ.

ಹಾಗಾದರೆ ಅಂಟೇ ಬೇಡ, ಕೊಳವೆಗಳ ಕಾಡನ್ನೇ ಎರಡು ತಳಗಳ ನಡುವೆ ನಿಲ್ಲಿಸೋಣ ಎಂಬುದು ಮುಂದಿನ ಹೆಜ್ಜೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಷು ಮತ್ತು ಫಿಷರ್ 2006ರಲ್ಲಿ ವರದಿ ಮಾಡಿದ ಒಣ ಕಾಡಿನ ತಡೆ ಒಂದು ವ್ಯಾಟಿಗೆ 19.8 ಚದರ ಮಿಲಿಮೀಟರ್-ಕೆಲ್ವಿನ್. ನಮ್ಮ 100 ವ್ಯಾಟ್ ಚಿಪ್ಪಿಗೆ ಇದನ್ನು ಹಾಕಿದರೆ ತಾಪದ ವ್ಯತ್ಯಾಸ ಸುಮಾರು 20 ಡಿಗ್ರಿ. ಗ್ರೀಸಿನ 25 ಡಿಗ್ರಿಗಿಂತ ಸ್ವಲ್ಪ ಉತ್ತಮ, ಅಷ್ಟೆ. ಈಗ ಕೊಳವೆಗಳೊಳಗಿನ ತಡೆಯನ್ನಷ್ಟೇ ಲೆಕ್ಕ ಹಾಕಿ. ಅವು ಜಾಗದ ಹತ್ತನೇ ಒಂದು ಭಾಗವನ್ನು ಮಾತ್ರ ತುಂಬಿವೆ, ಕಾಡಿನ ಒಟ್ಟು ವಾಹಕತೆ 200, ಎತ್ತರ 25 ಮೈಕ್ರೊಮೀಟರ್ ಎನ್ನಿ. ಬರುವ ವ್ಯತ್ಯಾಸ ಒಂದು ಡಿಗ್ರಿಯ ಎಂಟನೇ ಒಂದು ಭಾಗ! ಕೊಳವೆಗಳಲ್ಲಿ ದೋಷಗಳಿದ್ದು ವಾಹಕತೆ ಹತ್ತು ಪಟ್ಟು ಕುಸಿದರೂ ಒಂದೂಕಾಲು ಡಿಗ್ರಿ. ಉಳಿದದ್ದೆಲ್ಲ ತುದಿಗಳ ಪಾಲು.

2007ರಲ್ಲಿ ಟಾಂಗ್, ಮಜುಮ್‌ದಾರ್ ಮೊದಲಾದವರು ಇದನ್ನು ಬಿಡಿಸಿ ಅಳೆದರು. ಸಿಲಿಕಾನ್ ಮೇಲೆ ಬೇರೂರಿ ಬೆಳೆದ ಬುಡದಲ್ಲಿ ತಡೆ ಕಡಿಮೆ. ಗಾಜಿಗೆ ಬರಿದೇ ಒತ್ತಿದ ತುದಿಯಲ್ಲಿ ಬಹಳ ಹೆಚ್ಚು. ತುದಿಗಳನ್ನು ಇಂಡಿಯಮ್ ಎಂಬ ಮೆದು ಲೋಹದ ತೆಳು ಪದರದಿಂದ ಬೆಸೆದಾಗ ಅಲ್ಲಿನ ತಡೆ ಹತ್ತು ಪಟ್ಟಿಗೂ ಹೆಚ್ಚು ಇಳಿಯಿತು. ಕೊಳವೆಯನ್ನು ಉತ್ತಮಪಡಿಸುವುದಕ್ಕಿಂತ ಅದರ ತುದಿಯನ್ನು ಹಿಡಿಸುವುದು ಮುಖ್ಯ ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ.

ಗೋಡೆಯ ಮೇಲಿನ ಹಲ್ಲಿ

ಇಲ್ಲಿ ಉಷ್ಣದ ಕಥೆಗೆ ಅಂಟಿನ ಕಥೆ ಬಂದು ಸೇರುತ್ತದೆ. ಹಲ್ಲಿ ನುಣುಪಾದ ಗೋಡೆಯನ್ನು ಹೇಗೆ ಹತ್ತುತ್ತದೆ? ಅದರ ಪಾದದಲ್ಲಿ ಅಂಟು ದ್ರವವಿಲ್ಲ. ಪಾದದ ಲಕ್ಷಾಂತರ ರೋಮಗಳ ತುದಿಗಳು ನೂರಾರು ಅತಿಸೂಕ್ಷ್ಮ ಕವಲುಗಳಾಗಿ ಒಡೆದಿರುತ್ತವೆ. ಕವಲುಗಳು ಗೋಡೆಯ ಉಬ್ಬುತಗ್ಗುಗಳಿಗೆ ಹೊಂದಿಕೊಂಡು, ಪರಮಾಣುಗಳ ನಡುವಿನ ವಾನ್ ಡರ್ ವಾಲ್ಸ್ ಆಕರ್ಷಣೆಯಿಂದಲೇ ಹಿಡಿಯುತ್ತವೆ. ಇದನ್ನು ಕೆಲ್ಲರ್ ಆಟಮ್ ಮತ್ತು ಸಂಗಡಿಗರು 2000 ಮತ್ತು 2002ರಲ್ಲಿ ಪ್ರಯೋಗಗಳಿಂದ ತೋರಿಸಿದರು.

ನ್ಯಾನೊಕೊಳವೆಗಳ ಕಾಡು ಹಲ್ಲಿಯ ಪಾದದ ಪ್ರತಿರೂಪದಂತಿದೆ. 2008ರಲ್ಲಿ ಲಿಯಾಂಗ್ಟಿ ಕು, ಲಿಮಿಂಗ್ ಡೈ ಮೊದಲಾದವರು ತಯಾರಿಸಿದ ಕಾಡು ಚದರ ಸೆಂಟಿಮೀಟರಿಗೆ ಸುಮಾರು 100 ನ್ಯೂಟನ್ ಬಲದಿಂದ, ಅಂದರೆ ಹತ್ತು ಕಿಲೋಗ್ರಾಂ ತೂಗುವಷ್ಟು, ಗಾಜನ್ನು ಹಿಡಿದುಕೊಂಡಿತು. ಇದು ಹಲ್ಲಿಯ ಪಾದದ ಸುಮಾರು ಹತ್ತು ಪಟ್ಟು. ತಳಕ್ಕೆ ಸಮಾಂತರವಾಗಿ ಎಳೆದರೆ ಈ ಬಿಗಿ ಹಿಡಿತ; ನೇರವಾಗಿ ಮೇಲಕ್ಕೆ ಎತ್ತಿದರೆ ಸುಲಭವಾಗಿ ಬಿಡುತ್ತದೆ. ಕಾಡಿನ ಮೇಲ್ತುದಿಯಲ್ಲಿ ಸಿಕ್ಕುಸಿಕ್ಕಾಗಿರುವ ಕೊಳವೆಗಳು ಎಳೆದಾಗ ತಳದ ಮೇಲೆ ಒರಗಿಕೊಳ್ಳುತ್ತವೆ. ಚುಕ್ಕೆಯಷ್ಟಿದ್ದ ಸಂಪರ್ಕ ಗೆರೆಯಷ್ಟಾಗುತ್ತದೆ.

ಉಷ್ಣಕ್ಕೂ ಬೇಕಾದದ್ದು ಇದೇ. ಹೆಚ್ಚು ತುದಿಗಳು ಹತ್ತಿರ ಬರಬೇಕು, ಪ್ರತಿ ತುದಿಯೂ ಹೆಚ್ಚು ಜಾಗದಲ್ಲಿ ತಾಗಬೇಕು. ಅಲ್ಲಿಯವರೆಗೆ ಅಂಟು ಮತ್ತು ಬಿಸಿ ಸ್ನೇಹಿತರು. ಅದರ ಆಚೆಗೆ ಜಗಳ ಶುರುವಾಗುತ್ತದೆ.

ಹಗ್ಗಜಗ್ಗಾಟ

ಹಿಡಿತ ಹೆಚ್ಚಲೆಂದು ಕಾಡಿನೊಳಗೆ ಪ್ಲಾಸ್ಟಿಕ್ ಅಂಟನ್ನು ಇಳಿಸಿದರೆ, ವಾಹಕತೆ ಬರೀ 0.2 ಇರುವ ಆ ಅಂಟು ತುದಿಯ ಮೇಲೂ ಪೊರೆ ಕಟ್ಟಿ ಬಿಸಿಯ ದಾರಿಯನ್ನೇ ಮುಚ್ಚಬಹುದು. ಕೊಳವೆಗಳ ಬಾಗುವ ಗುಣವೂ ಹೋಗುತ್ತದೆ. ಕೊಳವೆಗಳನ್ನು ಎತ್ತರ ಬೆಳೆಸಿದರೆ ತಳದ ಉಬ್ಬುತಗ್ಗುಗಳಿಗೆ ಚೆನ್ನಾಗಿ ಹೊಂದಿಕೊಳ್ಳುತ್ತವೆ, ಆದರೆ ಬಿಸಿ ಸಾಗಬೇಕಾದ ದಾರಿ ಉದ್ದವಾಗುತ್ತದೆ. ಒತ್ತಾಗಿ ಬೆಳೆಸಿದರೆ ಸಂಪರ್ಕಗಳ ಸಂಖ್ಯೆ ಹೆಚ್ಚು. ಆದರೆ ಕೊಳವೆಗಳು ಒಂದಕ್ಕೊಂದು ಅಂಟಿ ಕಟ್ಟುಗಟ್ಟಿ, ಬಿಡಿಬಿಡಿಯಾಗಿ ಬಾಗಲಾರದೆ ಸೆಟೆದುಕೊಳ್ಳುತ್ತವೆ. ಆಗ ಎತ್ತರದವು ಮಾತ್ರ ತಾಗುತ್ತವೆ, ಗಿಡ್ಡವು ಗಾಳಿಯಲ್ಲೇ ಉಳಿಯುತ್ತವೆ.

ಲೋಹದಿಂದ ಬೆಸೆದರೆ ಬಿಸಿ ಚೆನ್ನಾಗಿ ದಾಟುತ್ತದೆ. ಅದರ ತೊಂದರೆಯನ್ನು ತಿಳಿಯಲು ಇನ್ನೊಂದು ಲೆಕ್ಕ ಮಾಡೋಣ. ಒಂದು ಡಿಗ್ರಿ ತಾಪ ಏರಿದಾಗ ತಾಮ್ರ ತನ್ನ ಉದ್ದದ ಹತ್ತು ಲಕ್ಷದಲ್ಲಿ 17 ಭಾಗ ಹಿಗ್ಗುತ್ತದೆ. ಸಿಲಿಕಾನ್ ಬರೀ 2.6 ಭಾಗ. 20 ಮಿಲಿಮೀಟರ್ ಉದ್ದದ ಚಿಪ್ 80 ಡಿಗ್ರಿ ಬಿಸಿಯಾದರೆ ಎರಡರ ಹಿಗ್ಗುವಿಕೆಯ ಅಂತರ ಸುಮಾರು 23 ಮೈಕ್ರೊಮೀಟರ್, ಅಂದರೆ ನಡುಮಧ್ಯದಿಂದ ಒಂದೊಂದು ಅಂಚಿಗೂ ಸುಮಾರು 11.5. ಯಂತ್ರವನ್ನು ಚಾಲೂ ಮಾಡಿದಾಗಲೆಲ್ಲ, ಆರಿಸಿದಾಗಲೆಲ್ಲ ಈ ಎಳೆದಾಟ. ಬಿಗಿಯಾದ ಬೆಸುಗೆಯಲ್ಲಿ ಇದು ಬಿರುಕಾಗುತ್ತದೆ, ಬಿರುಕು ಮತ್ತೆ ಗಾಳಿಯ ಪದರವಾಗುತ್ತದೆ. ಕೊಳವೆಗಳ ಕಾಡಾದರೆ ಗಾಳಿಗೆ ರಾಗಿಯ ಪೈರು ಬಾಗುವಂತೆ ಬಾಗಿ ಈ ಎಳೆತವನ್ನು ತಾಳಿಕೊಳ್ಳುತ್ತದೆ. ಆದರೆ ಬಾಗುವಾಗ ಬುಡವೂ ತುದಿಯೂ ಕಿತ್ತು ಬರಬಾರದು. ಬಿಗಿತ ಬೇಕು, ಬಳುಕೂ ಬೇಕು.

ಕೊಳವೆಗಳನ್ನು ಬೆಳೆಸುವ ಕುಲುಮೆಯ ತಾಪ ನೂರಾರು ಡಿಗ್ರಿ. ಸಿದ್ಧವಾದ ಚಿಪ್ ಅದನ್ನು ತಾಳದು. ಆದ್ದರಿಂದ ಬೇರೆಡೆ ಬೆಳೆಸಿ ಚಿಪ್ಪಿನ ಮೇಲೆ ನಾಟಿ ಮಾಡಬೇಕು. ಅಂದರೆ ಹುಟ್ಟಿದ ನೆಲವನ್ನು ಸುಲಭವಾಗಿ ಬಿಡಬೇಕು, ಹೊಸ ನೆಲವನ್ನು ಗಟ್ಟಿಯಾಗಿ ಹಿಡಿಯಬೇಕು.

ಈ ಹಗ್ಗಜಗ್ಗಾಟಕ್ಕೆ ಹಲವು ಪರಿಹಾರಗಳು ಬಂದಿವೆ. ಷು ಮತ್ತು ಫಿಷರ್ ಅವರೇ ಬಿಸಿಯಾದಾಗ ಕರಗುವ ಮೇಣದಂಥ ವಸ್ತುವನ್ನು ಕಾಡಿನ ಜೊತೆ ಬಳಸಿ ತಡೆಯನ್ನು 19.8ರಿಂದ 5.2ಕ್ಕೆ ಇಳಿಸಿದರು, ನಮ್ಮ ಚಿಪ್ಪಿನಲ್ಲಿ ಇದು 20 ಡಿಗ್ರಿಯಿಂದ ಸುಮಾರು 5 ಡಿಗ್ರಿಗೆ ಇಳಿದಂತೆ. 2014ರಲ್ಲಿ ಸುಮನ್‌ಜೀತ್ ಕೌರ್, ರವಿ ಪ್ರಷೇರ್ ಮೊದಲಾದವರು ತುದಿಗೂ ಲೋಹಕ್ಕೂ ನಡುವೆ ಪುಟ್ಟ ಸಾವಯವ ಅಣುಗಳನ್ನು ಸಹವೇಲೆನ್ಸಿ ಬಂಧದಿಂದ ಕೂರಿಸಿ ಸಂಧಿಯ ತಡೆಯನ್ನು ಆರು ಪಟ್ಟು ತಗ್ಗಿಸಿದರು. ಅಂಟಿನ ಪದರದ ಬದಲು ಒಂದು ಅಣುವಿನಷ್ಟು ದಪ್ಪದ ಗಂಟು! ಜಪಾನಿನ ಫುಜಿತ್ಸು ಪ್ರಯೋಗಾಲಯ 2017ರಲ್ಲಿ ಶುದ್ಧ ನ್ಯಾನೊಕೊಳವೆಗಳ ಹಾಳೆಯನ್ನು ಪ್ರಕಟಿಸಿತು. ಅದರ ವಾಹಕತೆ ಮೀಟರ್-ಕೆಲ್ವಿನ್‌ಗೆ 80 ವ್ಯಾಟ್‌ವರೆಗೆ. 2020ರಲ್ಲಿ ಅದೇ ಸಂಸ್ಥೆ ಅಂಟುವ ಗುಣವಿರುವ ಹಾಳೆಯನ್ನು ಹೊರತಂದಿತು. ಒಂಟಿ ಕೊಳವೆಯ 3000ವನ್ನೂ ಹಾಳೆಯ 80ನ್ನೂ ಹೋಲಿಸಿ ನೋಡಿ. ಬಳಕೆಗೆ ಬರುವಂತೆ ಮಾಡಲು ತೆರಬೇಕಾದ ಬೆಲೆ ಅದು.

ಅಂಟು ಏಕೆ ಬೇಕು ಎಂಬುದಕ್ಕೆ ಇನ್ನೊಂದು ಕಾರಣವಿದೆ. ಕಿತ್ತು ಬಂದ ಕೊಳವೆ ವಿದ್ಯುದ್ವಾಹಕವೂ ಹೌದು; ಸರ್ಕಿಟ್ಟಿನ ಮೇಲೆ ಬಿದ್ದರೆ ಷಾರ್ಟ್ ಆಗಬಹುದು. ಉದ್ದವಾದ ಬಹುಪದರದ ಕೆಲವು ಕೊಳವೆಗಳು ಇಲಿಗಳ ದೇಹದಲ್ಲಿ ಕಲ್ನಾರಿನಂತೆ ವರ್ತಿಸುತ್ತವೆಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಎಚ್ಚರಿಸಿತು. ಜೋಡಿಸುವ ಕಾರ್ಮಿಕ, ಮುಂದೊಂದು ದಿನ ಅದನ್ನು ಬಿಚ್ಚುವ ಗುಜರಿಯಾತ, ಇವರ ಉಸಿರಿಗೆ ಎಳೆಗಳು ಸೇರದಂತೆ ನೋಡಿಕೊಳ್ಳುವುದೂ ಈ ಸಮತೋಲದ ಭಾಗವೇ.

ಎಣಿಸಬೇಕಾದ ಸಂಖ್ಯೆ ಯಾವುದು?

ಹೊಸ ವಸ್ತುವೊಂದು ಬಂದಾಗ ಪತ್ರಿಕೆಗಳಲ್ಲಿ ಮೊದಲು ಕಾಣುವುದು ಅದರ ಅತಿ ದೊಡ್ಡ ಸಂಖ್ಯೆ. ನ್ಯಾನೊಕೊಳವೆಗಳ ವಿಷಯದಲ್ಲಿ ಆ 3000, 6600 ಎಂಬ ಸಂಖ್ಯೆಗಳು ಸುಳ್ಳಲ್ಲ. ಆದರೆ ಉಷ್ಣಸಂಧಿಗೆ ಅವು ನಿರ್ಣಾಯಕವೂ ಅಲ್ಲ. ನೀವು ವಿದ್ಯಾರ್ಥಿಯಾಗಿದ್ದರೆ, ಇಂಥ ಸಂಖ್ಯೆ ಕಂಡಾಗ ಕೆಲವು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಅಳೆದದ್ದು ಒಂಟಿ ಕೊಳವೆಯನ್ನೋ ಇಡೀ ಜೋಡಣೆಯನ್ನೋ? ಎರಡು ತುದಿಗಳ ತಡೆ ಸೇರಿದೆಯೆ? ಎಷ್ಟು ಒತ್ತಡದಲ್ಲಿ? ಎಷ್ಟು ಬಾರಿ ಬಿಸಿಮಾಡಿ ತಣಿಸಿದ ಮೇಲೆ? ಬಿಚ್ಚಿ ಮತ್ತೆ ಜೋಡಿಸಿದರೆ ಏನಾಗುತ್ತದೆ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಭಾರಿ ವೆಚ್ಚದ ಯಂತ್ರಗಳೇ ಬೇಕೆಂದಿಲ್ಲ. ಎರಡು ತಾಮ್ರದ ದಿಮ್ಮಿ, ಒಂದು ಹೀಟರ್, ನಾಲ್ಕು ತಾಪಯುಗ್ಮಗಳು, ಒತ್ತಡಕ್ಕೆ ಒಂದಿಷ್ಟು ತೂಕದ ಬಟ್ಟುಗಳು ಇದ್ದರೆ ಕಾಲೇಜಿನ ಪ್ರಯೋಗಾಲಯದಲ್ಲೇ ಗ್ರೀಸ್, ಅಭ್ರಕ, ಅಲ್ಯೂಮಿನಿಯಮ್ ಹಾಳೆ ಇವುಗಳ ಸಂಧಿತಡೆಯನ್ನು ಹೋಲಿಸಿ ನೋಡಬಹುದು. ಜಾಲಹಳ್ಳಿಯ ಟ್ರಾನ್ಸಿಸ್ಟರಿನ ಕಾಲದಲ್ಲಿ ಸ್ಕ್ರೂ ಹಿಡಿಯುತ್ತಿತ್ತು, ಲೇಪ ದಾಟಿಸುತ್ತಿತ್ತು. ಇಂದು ಅವೆರಡು ಕೆಲಸಗಳನ್ನೂ ಕೆಲವು ನ್ಯಾನೊಮೀಟರ್ ಅಗಲದ ಒಂದು ತುದಿ ಮಾಡಬೇಕೆಂದು ಕೇಳುತ್ತಿದ್ದೇವೆ. ಅದು ಎಷ್ಟು ಗಟ್ಟಿಯಾಗಿ ಹಿಡಿಯಬೇಕು, ಎಲ್ಲಿ ಸಡಿಲಬೇಕು ಎಂಬುದನ್ನು ಕೊಳವೆಯ ವಾಹಕತೆಯ ಪಟ್ಟಿ ಹೇಳುವುದಿಲ್ಲ. ತುದಿಯನ್ನೇ ಅಳೆದು ತಿಳಿಯಬೇಕು.